ಗಂಡೋ ಹೆಣ್ಣೋ ತಿಳಿಯದ ಮಗು: ಶಸ್ತ್ರಕ್ರಿಯೆಗೆ ಆತುರ ಬೇಡ



ಹೆರಿಗೆಯಾದ ಗಳಿಗೆಯಲ್ಲೇ ಗಲ್ಫ್‌ನಿಂದ ಫೋನ್ ಬರುತ್ತದೆ: “ಗಂಡಾ, ಹೆಣ್ಣಾ?” ಲಕ್ಷಣಗಳು ಸ್ಪಷ್ಟವಿಲ್ಲದ ಮಗು ಹುಟ್ಟಿದ ಮನೆಯಲ್ಲಿ ಇದಕ್ಕೆ ಉತ್ತರವಿರುವುದಿಲ್ಲ. ಏಳನೇ ದಿನದ ಅಖೀಕಾ ಹತ್ತಿರ ಬರುತ್ತದೆ. ಜನರ ಬಾಯಿಗೆ ಹೆದರಿ, “ಬೇಗ ಆಪರೇಷನ್ ಮಾಡಿಸಿಬಿಡೋಣ” ಎನ್ನುತ್ತಾರೆ ಹಿರಿಯರು. ಇದು ಸರಿಯೇ ಎಂಬುದನ್ನು ಈ ಜುಮಾ ಖುತ್ಬಾದಲ್ಲಿ ವಿವರಿಸಿದೆವು.

ಇಂಥ ಮಗು ಶಾಪವಲ್ಲ, ತಾಯಿಯ ತಪ್ಪೂ ಅಲ್ಲ. ಗರ್ಭದಲ್ಲಿ ರೂಪ ಕೊಡುವವನು ಅಲ್ಲಾಹನು. ಫಿಕ್‌ಹ್ ಗ್ರಂಥಗಳು ಇವರನ್ನು ‘ಖುನ್‌ಸಾ’ ಎಂದು ಕರೆದು, ನಮಾಝ್, ವಾರಸುದಾರಿಕೆಯ ನಿಯಮಗಳನ್ನು ವಿವರಿಸಿವೆ. ನಾವು ಅನುಸರಿಸುವ ಶಾಫಿಈ ಮಝ್‌ಹಬ್‌ನಲ್ಲಿ, ಆಸ್ತಿ ಹಂಚುವಾಗ ಖಚಿತವಾದ ಪಾಲನ್ನಷ್ಟೇ ಕೊಟ್ಟು, ಉಳಿದುದನ್ನು ವಿಷಯ ಸ್ಪಷ್ಟವಾಗುವವರೆಗೆ ತೆಗೆದಿಡಬೇಕು. ಪ್ರಾಯಕ್ಕೆ ಬಂದ ಮೇಲೂ ಲಕ್ಷಣಗಳಿಂದ ತಿಳಿಯದಿದ್ದರೆ, ಆ ವ್ಯಕ್ತಿಯ ಮನಸ್ಸಿನ ಒಲವನ್ನು ಅವರ ಬಾಯಿಂದಲೇ ಕೇಳಬೇಕು. ಸಂಶಯವಿರುವಾಗ ಗಾಯ ಮಾಡುವುದು ಸಲ್ಲದು ಎಂಬ ಕಾರಣಕ್ಕೆ, ಇಂಥವರ ಖತ್ನಾವನ್ನೂ ಇಮಾಮ್ ನವವಿ(ರ) ಒಪ್ಪಲಿಲ್ಲ.

ಹಾಗಾದರೆ ಚಿಕಿತ್ಸೆಯೇ ಹರಾಮೇ? ಅಲ್ಲ. ಅಸ್ಪಷ್ಟತೆ ನೀಗಿಸುವ ಚಿಕಿತ್ಸೆಗೆ ಮಕ್ಕಾದ ಫಿಕ್‌ಹ್ ಮಂಡಳಿ 1989ರಲ್ಲಿ ಅನುಮತಿ ನೀಡಿದೆ. ಆದರೆ ಅನುಮತಿ ಎಂದರೆ ಆತುರದ ಆದೇಶವಲ್ಲ.

ಬೇಗ ಮಾಡಿಸಿದರೆ ಶಾಲೆಯಲ್ಲಿ ಮಗುವಿಗೆ ಅವಮಾನ ತಪ್ಪುತ್ತದೆ ಎಂಬುದು ಕೆಲವು ವೈದ್ಯರ ಮತ್ತು ಪೋಷಕರ ವಾದ. ಅವರ ಕಾಳಜಿಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಕತ್ತರಿಸಿದ್ದನ್ನು ಮರಳಿಸಲಾಗದು. ಸ್ಪರ್ಶಜ್ಞಾನ, ಸಂತಾನಶಕ್ತಿ ಹೋಗಬಹುದು. ಮತ್ತೆ ಮತ್ತೆ ಶಸ್ತ್ರಕ್ರಿಯೆ ಬೇಕಾಗಬಹುದು. ಹೆಣ್ಣೆಂದು ಮಾಡಿದ ಮಗು ಬೆಳೆದು ತಾನು ಗಂಡು ಎನ್ನಬಹುದು. ಮದ್ರಾಸ್ ಹೈಕೋರ್ಟ್ 2019ರ ಏಪ್ರಿಲ್ 22ರಂದು ಇಂಥ ಶಿಶುಗಳ ಶಸ್ತ್ರಕ್ರಿಯೆ ತಡೆಯಲು ಆದೇಶಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ತಮಿಳುನಾಡು ಸರಕಾರ ಅದನ್ನು ನಿಷೇಧಿಸಿತು. ಪ್ರಾಣಾಪಾಯವಿದ್ದರೆ ಮಾತ್ರ ವಿನಾಯಿತಿ. ಆ ಆದೇಶ ಆ ರಾಜ್ಯಕ್ಕೆ ಸೀಮಿತ. ಆದರೆ ಅದರ ಹಿಂದಿನ ವಿವೇಕ ಭಟ್ಕಳ, ಹೊನ್ನಾವರ, ಕುಮಟಾದ ಮನೆಗಳಿಗೂ ಬೇಕು.

ಎಚ್ಚರಿಕೆ: ಕಾಯುವುದೆಂದರೆ ವೈದ್ಯರಿಂದ ದೂರವಿರುವುದಲ್ಲ. ಕೆಲವು ಶಿಶುಗಳಲ್ಲಿ ಹಾರ್ಮೋನ್ ದೋಷದಿಂದ ದೇಹದ ಉಪ್ಪಿನಂಶ ನಷ್ಟವಾಗಿ, ಮೊದಲ ವಾರಗಳಲ್ಲೇ ಜೀವಕ್ಕೆ ಅಪಾಯ ಬರುತ್ತದೆ. ವಾಂತಿ, ನಿತ್ರಾಣ ಕಂಡರೆ, ಮೂತ್ರ ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಲಕ್ಷಣ ಕಾಣದಿದ್ದರೂ ಮಣಿಪಾಲ ಅಥವಾ ಮಂಗಳೂರಿಗೆ ಹೋಗಿ ಮಕ್ಕಳ ಹಾರ್ಮೋನ್ ತಜ್ಞರಿಗೆ ತೋರಿಸಿ. ಶಸ್ತ್ರಕ್ರಿಯೆ ಎಂದರೆ, “ಈಗಲೇ ಮಾಡದಿದ್ದರೆ ಜೀವಕ್ಕೇನು ತೊಂದರೆ?” ಎಂದು ಕೇಳಿ.

ಹೆಸರಿಡುವುದು ಏಳನೇ ದಿನ ಸುನ್ನತ್, ತಡವಾದರೆ ಪಾಪವಲ್ಲ. ನೆರೆಹೊರೆಯವರೇ, ಕೆದಕಿ ಕೇಳಬೇಡಿ. ಆ ಮನೆಯ ಗುಟ್ಟು ಕಾಯುವುದೂ ಅಮಾನತ್. ಮಗುವಿನ ದೇಹವೂ ತಂದೆತಾಯಿಯ ಕೈಯಲ್ಲಿರುವ ಅಮಾನತ್.

ಅಲ್ಲಾಹನು ನಮಗೆ ಸಹನೆಯನ್ನೂ ಸರಿಯಾದ ತಿಳುವಳಿಕೆಯನ್ನೂ ಕರುಣಿಸಲಿ. ಆಮೀನ್.