ಪಾಠ ಮಾಡಿದವರಿಗೆ ಇ-ಲರ್ನಿಂಗ್ ಕೆಲಸ

ಶಾಲೆ, ಕಾಲೇಜಿನ ಕೆಲಸ ಬಿಟ್ಟು ಇ-ಲರ್ನಿಂಗ್ ಕಡೆ ಬರಬೇಕೆನ್ನುವವರು ಮೊದಲು ಕೇಳುವುದು ‘ಯಾವ ಸಾಫ್ಟ್‌ವೇರ್ ಕಲಿಯಲಿ?’ ಎಂದು. ಆ ಪ್ರಶ್ನೆ ಸ್ವಲ್ಪ ಕಾಯಲಿ. ಏನನ್ನು ಕಲಿಸಬೇಕು, ಏನನ್ನು ಕೈಬಿಡಬೇಕು ಎಂದು ತೀರ್ಮಾನಿಸುವುದೇ ಇ-ಲರ್ನಿಂಗ್ ಕೋರ್ಸ್ ರೂಪಿಸುವ ಇನ್‌ಸ್ಟ್ರಕ್ಷನಲ್ ಡಿಸೈನರ್ ಕೆಲಸದ ಮುಕ್ಕಾಲು ಪಾಲು.

ಒಂದು ಬ್ಯಾಂಕಿಗೆ ಹೊಸ ಗುಮಾಸ್ತರಿಗಾಗಿ ಕೆವೈಸಿ, ಅಂದರೆ ಗ್ರಾಹಕರ ಗುರುತು-ವಿಳಾಸ ಪರಿಶೀಲನೆಯ ತರಬೇತಿ ಬೇಕಾಗಿದೆ ಎಂದಿಟ್ಟುಕೊಳ್ಳಿ. ಎಸ್‌ಎಂಇ, ಅಂದರೆ ವಿಷಯ ತಜ್ಞರು, ದಪ್ಪನೆಯ ಪಿಪಿಟಿ ಕಳಿಸುತ್ತಾರೆ. ಅಕ್ರಮ ಹಣ ವರ್ಗಾವಣೆ ತಡೆಯುವ 2002ರ ಕಾಯ್ದೆಯಿಂದ ರಿಸರ್ವ್ ಬ್ಯಾಂಕಿನ ನಿರ್ದೇಶನಗಳವರೆಗೆ ಎಲ್ಲವೂ ಅದರಲ್ಲಿರುತ್ತದೆ. ಅದನ್ನೇ ಬಣ್ಣ ಬಳಿದು ಪರದೆಗೆ ಏರಿಸಿದರೆ ನೋಡುವವರು ‘ನೆಕ್ಸ್ಟ್’ ಒತ್ತುತ್ತಾ ಹೋಗುತ್ತಾರೆ, ಅಷ್ಟೆ. ಡಿಸೈನರ್ ತಜ್ಞರನ್ನು ಕೇಳಬೇಕಾದದ್ದು: ಕೌಂಟರಿನಲ್ಲಿ ಕೂತವರು ಎಲ್ಲಿ ಎಡವುತ್ತಿದ್ದಾರೆ?

ಗ್ರಾಹಕರೊಬ್ಬರು ಪ್ಯಾನ್ ಕಾರ್ಡ್ ಒಂದನ್ನೇ ತಂದು, ವಿಳಾಸಕ್ಕೂ ಇದೇ ಸಾಕು ಎನ್ನುತ್ತಾರೆ. ಅದರಲ್ಲಿ ವಿಳಾಸವೇ ಇರುವುದಿಲ್ಲ. ಹಿಂದೆ ಜನ ಸಾಲುಗಟ್ಟಿ ನಿಂತಿದ್ದಾರೆ. ಈಗ ಗುಮಾಸ್ತರು ಏನು ಹೇಳಬೇಕು? ಪಾಠ ಇಲ್ಲಿಂದ ಶುರುವಾಗಬೇಕು. ಆಯ್ಕೆಗಳಾಗಿ ಕೊಡುವ ತಪ್ಪು ಉತ್ತರಗಳೂ ಜನ ನಿಜವಾಗಿ ಮಾಡುವ ತಪ್ಪುಗಳೇ ಆಗಿರಬೇಕು. ವರ್ಷಗಟ್ಟಲೆ ಉತ್ತರಪತ್ರಿಕೆ ತಿದ್ದಿದವರಿಗೆ ಈ ವಿದ್ಯೆ ಯಾರೂ ಹೇಳಿಕೊಡಬೇಕಿಲ್ಲ.

ಇದೆಲ್ಲ ಮೊದಲು ಇಳಿಯುವುದು ಸ್ಟೋರಿಬೋರ್ಡಿನಲ್ಲಿ. ಹೆಸರು ದೊಡ್ಡದು, ವರ್ಡ್‌ನಲ್ಲಿ ಹಾಕಿದ ಒಂದು ಕೋಷ್ಟಕ ಸಾಕು. ಪರದೆಯ ಮೇಲಿನ ಪಠ್ಯ, ಧ್ವನಿಯಲ್ಲಿ ಬರುವ ಮಾತು, ಚಿತ್ರ, ಕ್ಲಿಕ್ ಮಾಡಿದರೆ ಏನಾಗಬೇಕು ಎಂಬ ಸೂಚನೆ, ಹೀಗೆ ಒಂದೊಂದಕ್ಕೂ ಒಂದೊಂದು ಅಂಕಣ. ತಜ್ಞರು ಇದನ್ನು ಒಪ್ಪಿದ ಮೇಲೆಯೇ ಉಳಿದ ಕೆಲಸ. ಕೋರ್ಸ್ ತಯಾರಾದ ಮೇಲೆ ಒಂದು ವಾಕ್ಯ ಬದಲಿಸಿದರೂ ಧ್ವನಿಮುದ್ರಣದಿಂದ ಹಿಡಿದು ಎಲ್ಲವನ್ನೂ ಮತ್ತೆ ಮುಟ್ಟಬೇಕಾಗುತ್ತದೆ.

ಸಂದರ್ಶನದಲ್ಲಿ ‘ಆಡಿ’ ಮಾದರಿಯ ಬಗ್ಗೆ ಕೇಳುವುದುಂಟು: ವಿಶ್ಲೇಷಣೆ, ವಿನ್ಯಾಸ, ತಯಾರಿ, ಜಾರಿ, ಮೌಲ್ಯಮಾಪನ. 1970ರ ದಶಕದಲ್ಲಿ ಅಮೆರಿಕದ ಸೇನೆಯ ತರಬೇತಿಗಾಗಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಕ್ರಮ ಇದು. ಕಲಿಕೆಯ ಗುರಿಗಳ ಕುರಿತ ಬ್ಲೂಮ್ ಅವರ 1956ರ ವರ್ಗೀಕರಣವಂತೂ ಬಿ.ಎಡ್. ಮಾಡಿದವರಿಗೆ ಹಳೆಯ ಪರಿಚಯ.

ಇನ್ನು ಸಾಫ್ಟ್‌ವೇರ್. ಕಂಪನಿಗಳಲ್ಲಿ ಆರ್ಟಿಕ್ಯುಲೇಟ್ ಸ್ಟೋರಿಲೈನ್ ಹೆಚ್ಚು ಬಳಕೆಯಲ್ಲಿದೆ. ಅದು ದುಬಾರಿ. ಹಾಗಾಗಿ ಸ್ಟೋರಿಬೋರ್ಡ್ ಸಿದ್ಧವಾದ ಮೇಲಷ್ಟೇ ಉಚಿತ ಟ್ರಯಲ್ ಶುರು ಮಾಡಿ, ಇಲ್ಲದಿದ್ದರೆ ಬಟನ್ ಹುಡುಕುವುದರಲ್ಲೇ ಅವಧಿ ಮುಗಿಯುತ್ತದೆ. ಎಚ್5ಪಿ ಮತ್ತು ಮೂಡಲ್ ಮುಕ್ತ ತಂತ್ರಾಂಶಗಳು, ಕಲಿಯಲು ಸಾಕು. ಸಿದ್ಧ ಕೋರ್ಸನ್ನು ಸಾಮಾನ್ಯವಾಗಿ ‘ಸ್ಕಾರ್ಮ್’ ಎಂಬ ಮಾನದಂಡದ ಜಿಪ್ ಕಡತವಾಗಿ ಕಲಿಕೆ ನಿರ್ವಹಿಸುವ ತಂತ್ರಾಂಶಕ್ಕೆ, ಅಂದರೆ ಎಲ್‌ಎಂಎಸ್‌ಗೆ ಏರಿಸುತ್ತಾರೆ. ಯಾರು ಮುಗಿಸಿದರು, ಎಷ್ಟು ಅಂಕ ಬಂತು ಎಂಬುದು ಅಲ್ಲಿ ದಾಖಲಾಗುವುದು ಇದರಿಂದಲೇ. ಮೂಡಲ್ ಕೂಡ ಅಂಥದ್ದೇ ಒಂದು ಎಲ್‌ಎಂಎಸ್, ಅದರಲ್ಲಿ ಒಮ್ಮೆ ನೀವೇ ಏರಿಸಿ ನೋಡಿ.

ಸರ್ಟಿಫಿಕೇಟುಗಳಿಗೆ ಸುರಿಯುವ ದುಡ್ಡಿಗಿಂತ ಐದು ನಿಮಿಷದ ಒಂದು ಮಾದರಿ ಕೋರ್ಸ್ ಮೇಲೆ ನನಗೆ ಹೆಚ್ಚು ನಂಬಿಕೆ. ಅದರ ಜೊತೆ ಸ್ಟೋರಿಬೋರ್ಡನ್ನೂ, ಏನನ್ನು ಏಕೆ ಬಿಟ್ಟಿರಿ ಎಂಬ ಅರ್ಧ ಪುಟದ ವಿವರಣೆಯನ್ನೂ ಇಡಿ. ಹಳೆಯ ಸಂಸ್ಥೆಯ ಒಳಗಿನ ಸಾಮಗ್ರಿಯನ್ನು ಮಾತ್ರ ಅನುಮತಿಯಿಲ್ಲದೆ ಬಳಸಬೇಡಿ.