ಕಂಬಿ, ಮರಳು ಮತ್ತು ಖರೀದಿಯ ಗಣಿತ

ಕಾರ್ಖಾನೆಯಿಂದ ಬರುವ ಟಿಎಂಟಿ ಕಂಬಿಯ ಸಾಮಾನ್ಯ ಉದ್ದ 12 ಮೀಟರ್. ಒಂದು ಕಟ್ಟಡದ ತೊಲೆಗಳಿಗೆ 5 ಮೀಟರಿನ 20 ತುಂಡು, ಕಾಲಂಗಳಿಗೆ 3.5 ಮೀಟರಿನ 40 ತುಂಡು ಬೇಕು ಎಂದುಕೊಳ್ಳಿ. ಎಲ್ಲವೂ 12 ಮಿ.ಮೀ. ದಪ್ಪದವು. ಎಷ್ಟು ಕಂಬಿ ತರಿಸಬೇಕು?

ತೊಲೆಯ ಲೆಕ್ಕ ಬೇರೆ, ಕಾಲಂ ಲೆಕ್ಕ ಬೇರೆ ಮಾಡಿದರೆ ತೊಲೆಗೆ ಕಂಬಿಯೊಂದರಲ್ಲಿ ಎರಡು ತುಂಡು ಬಂದು 2 ಮೀಟರ್ ಉಳಿಯುತ್ತದೆ. 10 ಕಂಬಿ ಬೇಕು. ಕಾಲಂಗೆ ಮೂರು ತುಂಡು ಬಂದು ಒಂದೂವರೆ ಮೀಟರ್ ಉಳಿಯುತ್ತದೆ, 14 ಬೇಕು. ಒಟ್ಟು 24. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಿ: 5, 3.5, 3.5 ಕೂಡಿದರೆ ಸರಿಯಾಗಿ 12. ಇಪ್ಪತ್ತೇ ಕಂಬಿ ಸಾಕು, ಗೇಣುದ್ದವೂ ಗುಜರಿಗೆ ಹೋಗುವುದಿಲ್ಲ. ಮಿ.ಮೀ. ಲೆಕ್ಕದ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ತಿಳಿಯುತ್ತದೆ. ಸೈಟ್ ಎಂಜಿನಿಯರುಗಳಿಗೆ ಬಾಯಿಪಾಠವಾದ ಸೂತ್ರವಿದು. ಆ ಪ್ರಕಾರ ಉಳಿತಾಯವಾದ ನಾಲ್ಕು ಕಂಬಿಗಳ ತೂಕ ಸುಮಾರು 43 ಕಿಲೋ.

ಇಲ್ಲಿದ್ದದ್ದು ಎರಡೇ ಅಳತೆ. ದೊಡ್ಡ ಕಟ್ಟಡದಲ್ಲಿ ಹತ್ತಾರು ಉದ್ದಗಳಿರುತ್ತವೆ. ಕತ್ತರಿಸುವ ರೀತಿಗಳನ್ನು ಎಣಿಸಿ ಮುಗಿಸುವುದು ಮನುಷ್ಯರಿಂದ ಆಗದ ಕೆಲಸ. ಸೋವಿಯತ್ ಗಣಿತಜ್ಞ ಲಿಯೊನಿಡ್ ಕಾಂಟೊರೊವಿಚ್ 1939ರಲ್ಲೇ ಇಂಥ ಸಮಸ್ಯೆಗಳಿಗೆ ದಾರಿ ತೋರಿದರು. 1975ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. 1961ರಲ್ಲಿ ಐಬಿಎಂನ ಗಿಲ್ಮೋರ್ ಮತ್ತು ಗೊಮೊರಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಎಲ್ಲ ರೀತಿಗಳನ್ನೂ ಪಟ್ಟಿ ಮಾಡುವ ಬದಲು, ಪ್ರತಿ ಸುತ್ತಿನಲ್ಲೂ ವ್ಯರ್ಥವನ್ನು ಇನ್ನಷ್ಟು ತಗ್ಗಿಸುವ ಒಂದೊಂದೇ ರೀತಿಯನ್ನು ಹುಡುಕಿ ಸೇರಿಸುತ್ತ ಹೋಗುವ ವಿಧಾನ ಅವರದು. ಅಂದಿನ ದೊಡ್ಡ ಗಣಕಯಂತ್ರದ ಆ ಕೆಲಸವನ್ನು ಇಂದು ಜೇಬಿನ ಫೋನು ಮಾಡಬಲ್ಲದು.

ಗುತ್ತಿಗೆದಾರರ ಖರೀದಿಗೆಂದೇ ತಂತ್ರಾಂಶ ಮಾಡುವ ಸ್ಟಾರ್ಟಪ್‌ಗಳು ಹುಟ್ಟಿರುವುದು ಇಂಥ ನೆಲದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ಕೋಜೋ ಎಲೆಕ್ಟ್ರಿಕಲ್ ಮೊದಲಾದ ಕೆಲಸಗಳ ಗುತ್ತಿಗೆದಾರರಿಗೆ ಸಾಮಗ್ರಿ ತರಿಸಲು ನೆರವಾಗುತ್ತದೆ. ಬೆಂಗಳೂರಿನ ಪವರ್‌ಪ್ಲೇ ಸೈಟಿನ ದಿನನಿತ್ಯದ ಕೆಲಸ, ಸಾಮಗ್ರಿಯ ಲೆಕ್ಕವನ್ನು ಮೊಬೈಲಿಗೆ ತಂದಿದೆ. ಇಂಡೆಂಟ್, ಕೊಟೇಶನ್, ಪರ್ಚೇಸ್ ಆರ್ಡರ್, ಚಲನ್, ಬಿಲ್ ಎಂಬ ಸರಪಳಿಯನ್ನು ಒಂದೆಡೆ ಹೊಂದಿಸುವುದು ಇಂಥ ತಂತ್ರಾಂಶಗಳ ಮುಖ್ಯ ಕೆಲಸ. ಆರ್ಡರ್ ಎಷ್ಟು, ಬಂದದ್ದೆಷ್ಟು, ಬಿಲ್ ಎಷ್ಟಕ್ಕೆ ಎಂಬ ಮೂರೂ ತಾಳೆಯಾದರೆ ಮಾತ್ರ ಹಣ ಪಾವತಿ.

ಆದರೆ ಮೂರೂ ಕಾಗದ ತಾಳೆಯಾದ ಮೇಲೂ ಮಾಲು ಕಡಿಮೆ ಬಂದಿರಬಹುದು. ಮರಳನ್ನೇ ನೋಡಿ. ನೂರು ಕಿಲೋ ಒಣ ಮರಳಿಗೆ ಐದು ಕಿಲೋದಷ್ಟು ನೀರು ಬೆರೆತರೆ ಪ್ರತಿ ಕಣದ ಸುತ್ತ ತೆಳ್ಳನೆಯ ನೀರಿನ ಪೊರೆ ಕಟ್ಟುತ್ತದೆ. ಆ ಪೊರೆಯ ಮೇಲ್ಮೈ ಎಳೆತ ಕಣಗಳು ಒತ್ತಾಗಿ ಕೂರದಂತೆ ತಡೆಯುತ್ತದೆ, ರಾಶಿ ಉಬ್ಬುತ್ತದೆ. ನುಣುಪು ಮರಳು ಕಾಲುಭಾಗಕ್ಕಿಂತ ಹೆಚ್ಚು ಉಬ್ಬುವುದೂ ಉಂಟು. ಕಾಲುಭಾಗ ಉಬ್ಬಿದ ಮರಳಿನ 100 ಘನ ಅಡಿ ಲೋಡಿನಲ್ಲಿ ಒಣ ಲೆಕ್ಕದ ಮರಳು 80 ಘನ ಅಡಿಯಷ್ಟೇ. ಅದೇ ಮರಳನ್ನು ವೇಬ್ರಿಡ್ಜ್ ಮೇಲೆ ತೂಗಿದರೆ ತಪ್ಪುವುದು ನೀರಿನ ತೂಕವಷ್ಟೇ, ನೂರಕ್ಕೆ ಐದರ ಆಸುಪಾಸು. ಅಳತೆಯ ಮಾನವನ್ನು ಬದಲಿಸಿದರೆ ಸಾಕು, ತಪ್ಪು ಇಷ್ಟು ಇಳಿಯುತ್ತದೆ. "ಒಂದು ಲೋಡ್" ಎಂದು ಟೈಪು ಮಾಡಿದ್ದನ್ನು ಒಪ್ಪಿಕೊಳ್ಳುವ ತಂತ್ರಾಂಶ ಈ ನಷ್ಟವನ್ನು ಅಚ್ಚುಕಟ್ಟಾಗಿ ದಾಖಲಿಸುತ್ತದೆಯೇ ಹೊರತು ತಡೆಯುವುದಿಲ್ಲ.

ಸಿಮೆಂಟಿನ ತೊಂದರೆ ಇನ್ನೊಂದು ಬಗೆಯದು. ಅಗ್ಗಕ್ಕೆ ಸಿಕ್ಕಿತೆಂದು ಮೂಟೆ ಪೇರಿಸಿಟ್ಟರೆ ಗಾಳಿಯ ತೇವ ಹೀರಿ ಬಲ ಕುಂದುತ್ತದೆ. ಮೂರು ತಿಂಗಳು ಮೀರಿದ್ದನ್ನು ಮತ್ತೆ ಪರೀಕ್ಷಿಸಿಯೇ ಬಳಸಬೇಕು. ಹಾಗಾಗಿ ತಯಾರಾದ ವಾರವನ್ನೂ ಚಲನ್ ಜೊತೆಗೇ ದಾಖಲಿಸಬೇಕು.

ಇಂಥ ತಂತ್ರಾಂಶ ಗೆಲ್ಲುವುದೂ ಸೋಲುವುದೂ ಗೇಟಿನ ಬಳಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಲ್ಲಿ ಲಾರಿ ಇಳಿಸಿಕೊಳ್ಳುವ ಮೇಸ್ತ್ರಿಗೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಮೂರೇ ಪ್ರಶ್ನೆ ಕೇಳುವ ಪರದೆ ಬೇಕು: ತೂಕ ಎಷ್ಟು, ಒದ್ದೆಯೇ ಒಣವೇ, ಫೋಟೋ ಎಲ್ಲಿ.

ಮನೆ ಕಟ್ಟಿಸುವವರು ತಂತ್ರಾಂಶಕ್ಕಾಗಿ ಕಾಯಬೇಕಿಲ್ಲ. ನೇರ ಗೋಡೆಯ ಗಾಜಿನ ಜಾರಿನಲ್ಲಿ ಒದ್ದೆ ಮರಳನ್ನು ಒತ್ತದೆ ತುಂಬಿ ಎತ್ತರ ಗುರುತಿಸಿ. ಮರಳನ್ನು ಹೊರತೆಗೆದು, ಅರ್ಧ ಜಾರು ನೀರು ಹಾಕಿ, ಅದೇ ಮರಳನ್ನು ಮತ್ತೆ ಸುರಿದು ಕಲಕಿ, ತಳದಲ್ಲಿ ಕೂರಲು ಬಿಡಿ. 20 ಸೆಂ.ಮೀ. ಇದ್ದದ್ದು 16ಕ್ಕೆ ಇಳಿದರೆ ಉಬ್ಬು ನೂರಕ್ಕೆ 25. ಆ ಅಂಕಿಯನ್ನು ಚಲನ್ ಮೇಲೆ ಬರೆಸಿ, ಡ್ರೈವರ್ ಸಹಿ ಹಾಕಿದ ಮೇಲೆಯೇ ಲೋಡ್ ಇಳಿಸಿಕೊಳ್ಳಿ.