ಮೆಟಲರ್ಜಿ ಸೀಟು ಬಿಟ್ಟುಕೊಡುವ ಮುನ್ನ

ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಮುಗಿದು ಸಾವಿರಾರು ರ‍್ಯಾಂಕ್ ಕೆಳಗಿಳಿದ ಮೇಲೂ ಮೆಟಲರ್ಜಿ ಸಿಗುತ್ತದೆ. ಸಿಕ್ಕವರಲ್ಲಿ ಹಲವರಿಗೆ ಬ್ರ್ಯಾಂಚ್ ಬದಲಿಸುವುದೇ ಚಿಂತೆ. ಹೆತ್ತವರ ಅಂಜಿಕೆಗೂ ಕಾರಣವಿದೆ. ನಮಗೆ ಉಕ್ಕೆಂದರೆ ಭದ್ರಾವತಿ. 1923ರಲ್ಲಿ ಇದ್ದಿಲಿನಿಂದ ಕಬ್ಬಿಣ ಕರಗಿಸಲು ತೊಡಗಿದ ಆ ಕಾರ್ಖಾನೆಯನ್ನು ಮುಚ್ಚಲು ಸರಿಯಾಗಿ ನೂರು ವರ್ಷಕ್ಕೆ ಸರ್ಕಾರಿ ಉಕ್ಕು ಸಂಸ್ಥೆ ಸೈಲ್ ತೀರ್ಮಾನಿಸಿತು. ಆದರೆ ಅಲ್ಲಿ ಲೆಕ್ಕ ತಪ್ಪಿಸಿದ್ದು ಚಿಕ್ಕ ಗಾತ್ರ, ಹಳೆಯ ಯಂತ್ರ, ಸ್ವಂತ ಗಣಿಯ ಕೊರತೆ. ಇದೇ ರಾಜ್ಯದ ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯು ಸ್ಥಾವರ ವರ್ಷಕ್ಕೆ ಕೋಟಿ ಟನ್ ಮೀರುವಷ್ಟು ಬೆಳೆದಿದೆ. 2018ರಿಂದ ಉಕ್ಕು ಉತ್ಪಾದನೆಯಲ್ಲಿ ಭಾರತಕ್ಕೆ ಜಗತ್ತಿನಲ್ಲಿ ಎರಡನೇ ಸ್ಥಾನ. ಒಂದು ಕಾರ್ಖಾನೆಯ ಹಣೆಬರಹವನ್ನು ಇಡೀ ಕಸುಬಿನ ಜಾತಕವೆಂದು ಓದಬಾರದು.

ಈ ಓದನ್ನು ಆರಿಸಿಕೊಳ್ಳಲು ಇದಕ್ಕಿಂತ ಬಲವಾದ ಕಾರಣ ಇನ್ನೊಂದಿದೆ: ಗೊತ್ತಿದ್ದ ವಿಧಾನಗಳು ಇನ್ನು ಸಾಲವು. ಊದುಕುಲುಮೆಯಲ್ಲಿ ಕೋಕ್‌ನ ಇಂಗಾಲ ಅದಿರಿನ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಟನ್ ಉಕ್ಕಿಗೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಹೈಡ್ರೋಜನ್ ಬಳಸಿದರೆ ಬರುವುದು ನೀರಾವಿ. ಕೇಳಲು ಸುಲಭ. ಆದರೆ ಕುಲುಮೆಯೊಳಗೆ ಅದಿರಿನ ರಾಶಿಯನ್ನು ಹೊತ್ತು, ಬಿಸಿಗಾಳಿಗೆ ಸಂದು ಬಿಡುವುದೂ ಕೋಕ್‌ನ ಕೆಲಸವೇ. ಹೈಡ್ರೋಜನ್‌ಗೆ ಅದು ಸಾಧ್ಯವಿಲ್ಲ. ಸಾಲದ್ದಕ್ಕೆ ಅದರ ಕ್ರಿಯೆ ಶಾಖವನ್ನು ಹೀರುತ್ತದೆ. ಹೋಗಲಿ, ಗುಜರಿ ಕರಗಿಸೋಣವೆಂದರೆ ಮೋಟಾರು, ವೈರುಗಳ ಜೊತೆ ಬಂದ ತಾಮ್ರ ಕಾಡುತ್ತದೆ. ತಾಮ್ರ ಕಬ್ಬಿಣದಷ್ಟು ಸುಲಭವಾಗಿ ಆಮ್ಲಜನಕದೊಡನೆ ಕೂಡದು. ಹಾಗಾಗಿ ಆಮ್ಲಜನಕ ಊದಿದರೂ ಅದು ಕಿಟ್ಟಕ್ಕೆ ಸೇರದೆ ಉಕ್ಕಿನಲ್ಲೇ ಉಳಿದು, ಕಾದ ಉಕ್ಕು ರೋಲಿಂಗ್ ಮಿಲ್‌ಗೆ ಸಿಕ್ಕಾಗ ಮೇಲ್ಮೈಯಲ್ಲಿ ಬಿರುಕು ತರುತ್ತದೆ. ಇಂಥ ತೊಡಕು ಬಿಡಿಸಲು ಕಂಪ್ಯೂಟರ್ ನೆರವಾದೀತು. ಯಾವ ಲೆಕ್ಕ ಹಾಕಬೇಕೆಂದು ಹೇಳುವವರು ಲೋಹ ಬಲ್ಲವರೇ ಆಗಬೇಕು.

ಸಂಬಳದ ಆಕ್ಷೇಪವನ್ನು ಒಪ್ಪಲೇಬೇಕು. ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಕೊಡುವಷ್ಟು ಮೊದಲ ವರ್ಷವೇ ಇಲ್ಲಿ ಸಿಗುವುದು ಅಪರೂಪ. ಸ್ಥಾವರಗಳು ನಗರದಿಂದ ದೂರ, ರಾತ್ರಿ ಪಾಳಿ ತಪ್ಪದು, ಬಿಸಿಯಂತೂ ಬಿಸಿಯೇ. ಆದರೆ ಎಲ್ಲರೂ ಕುಲುಮೆಯ ಮುಂದೆಯೇ ನಿಲ್ಲಬೇಕಿಲ್ಲ. ಬೆಂಗಳೂರಿನ ಎಚ್‌ಎಎಲ್‌ಗೆ ವಿಮಾನದ ಬಿಡಿಭಾಗ ಎರಕ ಹೊಯ್ಯುವ, ಬಡಿದು ರೂಪಿಸುವ ಸ್ವಂತ ವಿಭಾಗವೇ ಇದೆ. ತುಕ್ಕು ತಡೆಯುವುದು, ಮುರಿದ ಶಾಫ್ಟ್ ಏಕೆ ಮುರಿಯಿತೆಂದು ಸೂಕ್ಷ್ಮದರ್ಶಕದಲ್ಲಿ ಪತ್ತೆಹಚ್ಚುವುದು, ಹಳೆಯ ಬ್ಯಾಟರಿಯಿಂದ ಕೋಬಾಲ್ಟ್ ತೆಗೆಯುವುದು ಎಲ್ಲವೂ ಇದೇ ಓದಿನ ಕವಲುಗಳು. ಸಂಶೋಧನೆಯತ್ತ ಮನಸ್ಸಿದ್ದರೆ ಭಾರತೀಯ ವಿಜ್ಞಾನ ಸಂಸ್ಥೆಯ ವಿಭಾಗವಿದೆ, 1945ರಷ್ಟು ಹಳೆಯದು.

ಕೌನ್ಸೆಲಿಂಗ್‌ನಲ್ಲಿ ಈ ಸೀಟು ಎದುರಾದರೆ, ಬೇಡವೆನ್ನುವ ಮೊದಲು ಬೆಳಗಾವಿಯ ಉದ್ಯಮಬಾಗದಲ್ಲೋ ನಿಮ್ಮೂರಿನ ಹತ್ತಿರವೋ ಇರುವ ಫೌಂಡ್ರಿಯೊಂದನ್ನು, ಅನುಮತಿ ಪಡೆದು, ಒಂದು ದಿನ ನೋಡಿ ಬನ್ನಿ. ಆಮೇಲೂ ಹಿಡಿಸದಿದ್ದರೆ ಬೇರೆ ಓದು ಆರಿಸಿಕೊಳ್ಳಿ.